29 ವರ್ಷದ ಬೆಂಜ್‌ಗೆ ಎಲ್ಲಿ ಲೋಕಲ್ ಸಾಕು, ಎಲ್ಲಿ ಸಾಲದು

ಸೋದರಮಾವನ ಹತ್ತಿರ ಈ ಕಾರು ತಗೊಂಡಾಗ ಅಮ್ಮ ಒಂದೇ ಮಾತು ಕೇಳಿದ್ದು: "ಆನೆ ಕಟ್ಟೋಕೆ ಹೊರಟಿದ್ದೀಯಲ್ಲ, ಮೇವಿಗೆ ಏನು ಮಾಡ್ತೀಯ?"

ಆನೆ ಅಂದರೆ 1996ರ ಮರ್ಸಿಡಿಸ್ ಇ250 ಡೀಸೆಲ್. ಪುಣೆಯಲ್ಲಿ ಜೋಡಿಸಿದ ಗಾಡಿ. ಬಲ್ಲವರು ಡಬ್ಲ್ಯು124 ಅಂತಾರೆ. 2.5 ಲೀಟರ್ ಎಂಜಿನ್, ಐದು ಸಿಲಿಂಡರ್, 113 ಕುದುರೆ ಶಕ್ತಿ, ಟರ್ಬೊ ಇಲ್ಲ. ಸಕಲೇಶಪುರದ ಮಳೆಯಲ್ಲಿ ವರ್ಷಗಟ್ಟಲೆ ನೆಂದ ಕಾರು, ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ನನ್ನ ಹತ್ತಿರ ಇದೆ. ಮೇವು ಎಲ್ಲಿಂದ ತರೋದು ಅನ್ನೋದು ಈಗೀಗ ಗೊತ್ತಾಗ್ತಾ ಇದೆ.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಯಾವ ಸ್ಪೇರ್ ಕೇಳಿದರೂ ಮೊದಲು ಬರುವ ಪ್ರಶ್ನೆ ಇದು: "ಒರಿಜಿನಲ್ ಬೇಕಾ, ಓಇಎಂ ಬೇಕಾ, ಲೋಕಲ್ ಬೇಕಾ ಸಾರ್?" ಒರಿಜಿನಲ್ ಅಂದರೆ ಬೆಂಜ್‌ನ ನಕ್ಷತ್ರ ಇರುವ ಡಬ್ಬಿ. ಓಇಎಂ ಅಂದರೆ ಬೆಂಜ್‌ಗೆ ಆ ಭಾಗ ಮಾಡಿಕೊಡುವ ಕಾರ್ಖಾನೆಯದೇ ಮಾಲು, ಆ ಕಾರ್ಖಾನೆಯ ಹೆಸರಿನ ಡಬ್ಬಿಯಲ್ಲಿ. ಕೆಲವು ಓಇಎಂ ಭಾಗಗಳ ಮೇಲೆ ನಕ್ಷತ್ರವನ್ನು ಉಜ್ಜಿ ತೆಗೆದ ಗುರುತೂ ಕಾಣುತ್ತದೆ. ಬೆಲೆ ಮಾತ್ರ ಎಷ್ಟೋ ಕಮ್ಮಿ. ಲೋಕಲ್ ಅಂದರೆ ಬೇರೆ ಯಾರೋ ಮಾಡಿದ ಅಗ್ಗದ ಮಾಲು, ದೇವರೇ ಗತಿ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಕೆಲವು ಕಡೆ ಲೋಕಲ್ಲೇ ಸರಿ.

ಮೊದಲು ಡೀಸೆಲ್ ಪೈಪಿನ ಕಥೆ. ತಂದ ಹೊಸದರಲ್ಲಿ ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್. ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಒಂದು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು ಏಳುತ್ತಿತ್ತು. ಆಮೇಲೆ ಇಡೀ ದಿನ ತಕರಾರಿಲ್ಲ. ಒಬ್ಬರು ಗ್ಲೋ ಪ್ಲಗ್ (ಸ್ಟಾರ್ಟ್ ಆಗೋಕೆ ಮುಂಚೆ ಸಿಲಿಂಡರ್ ಬಿಸಿ ಮಾಡೋದು) ಅಂದರು, ಐದೂ ಬದಲಾಯಿಸಿದೆ. ಇನ್ನೊಬ್ಬರು ಡೀಸೆಲ್ ಪಂಪ್ ಬಿಚ್ಚಬೇಕು ಅಂದರು. ದೇವರ ದಯೆ, ಬಿಚ್ಚಿಸಲಿಲ್ಲ. ಒಂದು ರಾತ್ರಿ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದೆ. ಈ ಎಂಜಿನ್‌ನಲ್ಲಿ ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಪೈಪುಗಳು ಪಾರದರ್ಶಕ ಪ್ಲಾಸ್ಟಿಕ್. ಒಳಗೆ ಡೀಸೆಲ್ ಹರಿಯೋದು ಕಾಣುತ್ತದೆ. ಅದರಲ್ಲಿ ಸೋಡಾ ಬಾಟಲಿಯ ಹಾಗೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಹೋಗ್ತಿದ್ದವು. ಪೈಪಿನ ತುದಿಯಲ್ಲಿರುವ ಓ-ರಿಂಗ್, ಅಂದರೆ ಸೋರದ ಹಾಗೆ ತಡೆಯುವ ರಬ್ಬರ್ ಬಳೆ, ವಯಸ್ಸಾಗಿ ಗಟ್ಟಿಯಾಗಿದೆ. ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತೆ, ರಾತ್ರಿಯೆಲ್ಲಾ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತೆ. ಬೆಳಿಗ್ಗೆ ಎಂಜಿನ್‌ಗೆ ಸಿಗೋದು ಬರೀ ಗಾಳಿ.

ಇದಕ್ಕೆ ಮೂರು ಮದ್ದು ಮಾಡಿ ನೋಡಿದೆ. ಮೊದಲನೆಯದು ಹೈಡ್ರಾಲಿಕ್ ಸಾಮಾನಿನ ಅಂಗಡಿಯ ಮಾಮೂಲಿ ನೈಟ್ರೈಲ್ ಓ-ರಿಂಗ್. ಎಲ್ಲಾ ಸೇರಿ ಒಂದು ಮಸಾಲೆ ದೋಸೆಯ ದುಡ್ಡು. ಮಾರನೇ ದಿನ ಒಂದೇ ಸೆಲ್ಫ್‌ಗೆ ಸ್ಟಾರ್ಟ್! ಆದರೆ ಒಂದು ವರ್ಷ ಕಳೆದ ಮೇಲೆ ಗುಳ್ಳೆ ಮತ್ತೆ ಬಂತು. ಎರಡನೇ ಸಲ ವೈಟಾನ್ ಓ-ರಿಂಗ್ ಹಾಕಿದೆ. ಕಂದು ಬಣ್ಣದ್ದು, ಡೀಸೆಲ್ಲಿಗೂ ಬಿಸಿಗೂ ಚೆನ್ನಾಗಿ ತಡೆಯುತ್ತೆ. ಗುಳ್ಳೆ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಯಾಕೆ ಅಂತ ಒಂದು ಪೈಪ್ ಎಳೆದು ನೋಡುವಾಗ ಅದರ ಮೂತಿ ಹಪ್ಪಳದ ಹಾಗೆ ಪಟ್ ಅಂತ ಕೈಯಲ್ಲೇ ಮುರಿಯಿತು. ರಬ್ಬರಿಗೆ ವಯಸ್ಸಾದರೆ ಪ್ಲಾಸ್ಟಿಕ್‌ಗೂ ಆಗಿರುತ್ತೆ ಅಲ್ವಾ? ಮೂರನೇ ಸಲ ಓಇಎಂ ಪೈಪ್ ಸೆಟ್ಟನ್ನೇ ತರಿಸಿದೆ, ಓ-ರಿಂಗ್ ಜೊತೆಗೇ ಬಂತು. ಎರಡು ವರ್ಷ ಆಯಿತು, ಗುಳ್ಳೆ ಇಲ್ಲ.

ಆದರೂ ಆ ದೋಸೆ ದುಡ್ಡಿನ ಓ-ರಿಂಗ್ ದಂಡ ಅನ್ನಲಾರೆ. ಅರ್ಧ ಗಂಟೆಯಲ್ಲಿ ಮನೆ ಮುಂದೆ ನಾನೇ ಹಾಕಿದ್ದು. ಕೂಲಿ ಇಲ್ಲ. ರೋಗ ಯಾವುದು ಅಂತ ತಿಳಿಸಿಕೊಟ್ಟಿತು.

ಮುಂದಿನ ಚಕ್ರವನ್ನು ಬಾಡಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ಬುಶ್ (ಕೀಲಿನ ರಬ್ಬರ್) ವಿಷಯದಲ್ಲಿ ಇದು ಉಲ್ಟಾ, ಕೂಲಿಯೇ ಭಾರಿ. ಈ ಕಾರಿನಲ್ಲಿ ಮುಂದಿನ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಸುತ್ತ ಇರುವುದಿಲ್ಲ. ಕೆಳಗಿನ ಆರ್ಮ್‌ಗೂ ಬಾಡಿಗೂ ನಡುವೆ ಬೇರೆಯಾಗಿ ಕೂತಿರುತ್ತದೆ. ಬುಶ್ ಬದಲಾಯಿಸಬೇಕಾದರೆ ಆ ಸ್ಪ್ರಿಂಗನ್ನು ಒಳಗಿನಿಂದ ಬಿಗಿಯುವ ಕಂಪ್ರೆಸರ್ ಹಾಕಿ ಅದುಮಿ ಹೊರಗೆ ತೆಗೆಯಬೇಕು. ಕೈ ತಪ್ಪಿದರೆ ಪ್ರಾಣಕ್ಕೇ ಅಪಾಯ. ಆಮೇಲೆ ಹಳೇ ಬುಶ್ ಪ್ರೆಸ್‌ನಲ್ಲಿ ಹೊಡೆದು ತೆಗೆಯೋದು, ಹೊಸದು ಕೂರಿಸೋದು, ಅಲೈನ್‌ಮೆಂಟ್. ನಮ್ಮ ಮೆಕ್ಯಾನಿಕ್ ಅಣ್ಣನಿಗೆ ಇಡೀ ದಿನದ ಕೆಲಸ. ಅಲೈನ್‌ಮೆಂಟೂ ಸೇರಿ ಕೂಲಿ 4,000.

ಇಂಥ ಕಡೆ ನಾನು ಲೋಕಲ್ ಹಾಕಿಸಿದೆ, ಜಾಣತನ ನೋಡಿ. ಎರಡೂ ಕಡೆಗೆ 1,600 ರೂಪಾಯಿ. ಎಂಟು ತಿಂಗಳಿಗೆ ರಬ್ಬರ್ ಸೀಳಿತು. ಬ್ರೇಕ್ ಹಾಕಿದರೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು. ಆಮೇಲೆ ಯಾರದೋ ಮಾತು ಕೇಳಿ 5,200 ಕೊಟ್ಟು ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಶ್ ಹಾಕಿಸಿದೆ. ತಿರುವಿನಲ್ಲಿ ಕಾರು ಬಿಗಿಯಾಗಿ ನಿಲ್ಲುತ್ತಿತ್ತು, ನಿಜ. ಆದರೆ ಈ ಬೆಂಜ್‌ನ ಸುಖವೇ ಹಳ್ಳ ಬಂದರೂ ಗೊತ್ತಾಗದ ಹಾಗೆ ತೇಲಿಕೊಂಡು ಹೋಗೋದು. ಅದೇ ಹೋಯಿತು. ಪ್ರತಿ ಹಂಪ್ ಕೈಗೆ ಬಂದು ಬಡಿಯುತ್ತಿತ್ತು. ಬೇಸಿಗೆಯಲ್ಲಿ ಒಣಗಿ ಹಳೇ ಬಾಗಿಲಿನ ಹಾಗೆ ಕಿರ್ ಅನ್ನೋಕೆ ಶುರುವಾಯಿತು. ಕೊನೆಗೆ 6,800 ಕೊಟ್ಟು ಲೆಮ್‌ಫೋರ್ಡರ್ ಕಂಪನಿಯ ಓಇಎಂ ಬುಶ್ ಹಾಕಿಸಿದೆ. ಬುಶ್ ದುಡ್ಡು 13,600, ಮೂರು ಸಲದ ಕೂಲಿ 12,000, ಒಟ್ಟು 25,600. ಮೊದಲೇ ಸರಿಯಾದ್ದು ಹಾಕಿಸಿದ್ದರೆ 10,800ಕ್ಕೆ ಮುಗಿಯುತ್ತಿತ್ತು. ಆವತ್ತಿನಿಂದ ಸ್ಪೇರ್‌ನ ರೇಟ್ ಕೇಳೋಕೆ ಮುಂಚೆ ಫಿಟ್ಟಿಂಗ್ ಚಾರ್ಜ್ ಕೇಳ್ತೀನಿ.

ಎಂಜಿನ್ ಕೂತಿರುವ ಮೆತ್ತೆ, ಅಂದರೆ ಎಂಜಿನ್ ಮೌಂಟ್‌ನದೂ ಇದೇ ಹಾಡು. ಮೂಲದ್ದರಲ್ಲಿ ಒಳಗೆ ದ್ರವ ಇರುತ್ತೆ, ಲೋಕಲ್ ಅಂದರೆ ಬರೀ ರಬ್ಬರ್ ಗಟ್ಟಿ. ಸಿಗ್ನಲ್‌ನಲ್ಲಿ ನಿಂತಾಗ ಒಳಗಿನ ಕನ್ನಡಿ ನಡುಗಿ ಹಿಂದಿನ ಆಟೋ ಎರಡೆರಡಾಗಿ ಕಾಣಿಸ್ತಿತ್ತು. ಮೂರು ವಾರದಲ್ಲಿ ತೆಗೆಸಿದೆ.

ಬೆಳಕಿನ ವಿಷಯಕ್ಕೆ ಬಂದರೆ, ಕಮ್ಮಿ ದುಡ್ಡಿಗೆ ಇಷ್ಟು ಬದಲಾವಣೆ ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ಹೆಡ್‌ಲೈಟ್ ಗಾಜು ನಿಜವಾದ ಗಾಜೇ, ಈಗಿನ ಕಾರುಗಳ ಪ್ಲಾಸ್ಟಿಕ್ ಹಾಗೆ ಹಳದಿಯಾಗಲ್ಲ. ಆದರೂ ರಾತ್ರಿ ಹೊತ್ತು ಮೇಣದ ಬತ್ತಿ ಹಿಡಿದ ಹಾಗಿತ್ತು. ಮೊದಲು ಎಲ್‌ಇಡಿ ಬಲ್ಬ್ ಹಾಕಿ ನೋಡಿದೆ. ಬಿಳಿ ಬೆಳಕು ಹತ್ತಿರದಲ್ಲಿ ಚೆಲ್ಲಾಡಿತು, ದೂರಕ್ಕೆ ಬೀಳಲಿಲ್ಲ. ಹ್ಯಾಲೊಜೆನ್ ಬಲ್ಬಿನ ತಂತಿಗೆ ಅಂತ ಮಾಡಿದ ರಿಫ್ಲೆಕ್ಟರ್‌ಗೆ ಅದು ಹೊಂದುವುದಿಲ್ಲ. ಎದುರಿನವರು ಬೈದುಕೊಂಡೇ ಹೋಗ್ತಿದ್ದರು. 100/90 ವಾಟ್ ಬಲ್ಬ್ ಹಾಕೋಣ ಅಂದರೆ ನಿಯಮಕ್ಕೂ ವಿರುದ್ಧ, ಹಳೇ ವೈರಿಂಗ್‌ಗೂ ಭಾರ. ಅದನ್ನು ಮುಟ್ಟಲಿಲ್ಲ. ಕೊನೆಗೆ ಮೀಟರ್ ಹಿಡಿದು ನೋಡಿದರೆ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬ್ ಹತ್ತಿರ 12.4. ಉಳಿದದ್ದನ್ನೆಲ್ಲಾ ಹಳೇ ಸ್ವಿಚ್ಚು, ವೈರು ನುಂಗುತ್ತಿದ್ದವು. 1,100 ರೂಪಾಯಿಯ ಲೋಕಲ್ ರಿಲೇ ಕಿಟ್ ತಂದು ಬ್ಯಾಟರಿಯಿಂದ ನೇರ ಲೈನ್ ಎಳೆದೆ, ಫ್ಯೂಸ್ ಹಾಕಿದೆ. ಹಳೇ ಸ್ವಿಚ್ಚು ಈಗ ರಿಲೇಗೆ ಸನ್ನೆ ಮಾಡುತ್ತೆ ಅಷ್ಟೇ, ಬಲ್ಬಿನ ಕರೆಂಟ್ ಅದರ ಮೂಲಕ ಹೋಗಲ್ಲ. ಅದೇ ಮಾಮೂಲಿ 60/55 ವಾಟ್ ಬಲ್ಬಿಗೆ ಈಗ 13.7 ವೋಲ್ಟ್ ಸಿಗುತ್ತೆ. ಶಿರಾಡಿ ಘಾಟಿಯಲ್ಲಿ ರಾತ್ರಿ ಇಳಿಯುವಾಗ ತಿರುವಿನ ಆಚೆಯ ಮೈಲಿಗಲ್ಲಿನ ಅಕ್ಷರ ಓದಬಹುದು. ಇಲ್ಲಿ ಲೋಕಲ್ ಗೆದ್ದಿತು.

ಟೈರಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. 195/65 ಆರ್15 ಮಾಮೂಲಿ ಸೈಜು, ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಗೆಳೆಯನ 17 ಇಂಚಿನ ಅಲಾಯ್ ಒಂದು ವಾರ ಹಾಕಿಕೊಂಡು ಓಡಾಡಿದೆ. ಫೋಟೋ ಚೆನ್ನಾಗಿ ಬಂತು, ನಡು ನೋವೂ ಬಂತು.

ಆಯಿಲ್‌ನಲ್ಲೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸುಮಾರು 7 ಲೀಟರ್ ಕುಡಿಯುವ ಎಂಜಿನ್. ಒಂದು ಸಲ ದುಬಾರಿ 5ಡಬ್ಲ್ಯು-40 ಸಿಂಥೆಟಿಕ್ ಹಾಕಿದೆ, ಇನ್ನೊಂದು ಸಲ ಒಳ್ಳೆಯ 15ಡಬ್ಲ್ಯು-40 ಡೀಸೆಲ್ ಆಯಿಲ್. ಬೆಂಗಳೂರಿನ ಹವೆಗೆ ನನಗೇನೂ ವ್ಯತ್ಯಾಸ ಕಾಣಲಿಲ್ಲ, ಹಳೇ ಸೀಲುಗಳಿಂದ ಜಿನುಗೋದು ಮಾತ್ರ ಎರಡನೆಯದರಲ್ಲಿ ಕಮ್ಮಿ. ಈಗ ಅದನ್ನೇ 7,000 ಕಿಲೋಮೀಟರ್‌ಗೊಮ್ಮೆ ಬದಲಾಯಿಸ್ತೀನಿ. ಕೂಲೆಂಟ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಮೊದಲು ಗ್ಯಾರೇಜ್ ಒಂದರಲ್ಲಿ ಬೋರ್‌ವೆಲ್ ನೀರಿಗೆ ಹಸಿರು ಬಣ್ಣ ಕಲಸಿ ತುಂಬಿದ್ದರು. ರೇಡಿಯೇಟರ್ ಬಿಚ್ಚಿದಾಗ ಗೀಸರ್ ಕಾಯಿಲ್ ಮೇಲೆ ಕಟ್ಟಿಕೊಳ್ಳುತ್ತಲ್ಲ, ಅಂಥ ಬಿಳಿ ಪದರ. ಎಂಜಿನ್ ಹೆಡ್ ಅಲ್ಯೂಮಿನಿಯಂ, ಇಂಥ ನೀರು ಅದನ್ನು ತಿಂದುಬಿಡುತ್ತೆ. ಈಗ ಮರ್ಸಿಡಿಸ್ ಒಪ್ಪಿದ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಸರ್ಕಾರಕ್ಕೆ ಕಟ್ಟುವ ಮೇವೂ ಇದೆ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕ 10,000 ಆಯಿತು, ಮೊದಲು 5,000 ಇತ್ತು. ಆಮದು ಕಾರಾಗಿದ್ದರೆ 80,000. ಪುಣೆಯಲ್ಲಿ ಹುಟ್ಟಿದ್ದು ಅಂತ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಇನ್ನು ಉಳಿದದ್ದು ಎಸಿ. ಗಾಳಿಯನ್ನು ತಣ್ಣಗೆ ಮಾಡುವ ಇವ್ಯಾಪೊರೇಟರ್‌ನಿಂದ ಗ್ಯಾಸ್ ಸಣ್ಣಗೆ ಸೋರುತ್ತಿದೆ. ಅದನ್ನು ಬದಲಾಯಿಸಬೇಕಾದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. 29 ವರ್ಷದ ಪ್ಲಾಸ್ಟಿಕ್ ಕ್ಲಿಪ್ಪುಗಳು ಎಷ್ಟು ಮುರಿಯುತ್ತವೋ! ಮೆಕ್ಯಾನಿಕ್ ಅಣ್ಣ ನಾಲ್ಕು ದಿನ ಅಂತಾರೆ, ಅಂದರೆ ಎಂಟು. ಇನ್ನೊಂದು ದಾರಿ, ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸೋದು. ನನ್ನದೇ ಲೆಕ್ಕದ ಪ್ರಕಾರ, ಕೂಲಿ ಜಾಸ್ತಿ ಇರುವ ಕೆಲಸವನ್ನು ಒಂದೇ ಸಲ ಒಳ್ಳೆಯ ಮಾಲಿನಲ್ಲಿ ಮುಗಿಸಬೇಕು. ಗೊತ್ತು. ಆದರೂ ಹೋದ ಏಪ್ರಿಲ್‌ನಲ್ಲಿ ಗ್ಯಾಸ್ ತುಂಬಿಸಿಕೊಂಡು ಬಂದೆ. ನೆಲಮಂಗಲ ದಾಟೋವರೆಗೆ ತಣ್ಣಗಿತ್ತು. ಆಮೇಲೆ ಹಿಂದಿನ ಸೀಟಿನಿಂದ ಅಮ್ಮ, "ಕಿಟಕಿ ಇಳಿಸೋ" ಅಂದರು.