ಎಕ್ಸ್‌ಪ್ಲೋರರ್ 385: ಹಾದಿಯಿಲ್ಲದ ಬೆಟ್ಟಕ್ಕೆ ಒಂದು ನಕಾಶೆ

ಬ್ರಿಟನ್ನಿನ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಸರಣಿಯ 385ನೇ ಹಾಳೆ, ‘ರಾನಾಖ್ ಮೂರ್ ಅಂಡ್ ಬೆನ್ ಆಲ್ಡರ್’. ನನ್ನ ಹತ್ತಿರ ಇರುವುದು ಪ್ಲಾಸ್ಟಿಕ್ ಲೇಪನದ್ದು. ಕೊಂಡು ಮೂರು ವರ್ಷವಾಗಿತ್ತು. ಅದರ ಬೆಲೆ ತಿಳಿದದ್ದು ಕಳೆದ ಸೆಪ್ಟೆಂಬರಿನಲ್ಲಿ, ಸ್ಕಾಟ್ಲೆಂಡಿನ ಲ್ಯೇಮ್ ಉಲ್ಯಮ್ ಬೆಟ್ಟದ ನೆತ್ತಿಯಲ್ಲಿ.

ಗೇಲಿಕ್ ಭಾಷೆಯಲ್ಲಿ ‘ವಿಲಿಯಂನ ಜಿಗಿತ’ ಅಂತ ಅರ್ಥ. ಎತ್ತರ 909 ಮೀಟರ್. ಸ್ಕಾಟ್ಲೆಂಡಿನಲ್ಲಿ 3,000 ಅಡಿ, ಅಂದರೆ 914.4 ಮೀಟರ್ ದಾಟಿದ 282 ಬೆಟ್ಟಗಳಿಗೆ ಮನ್ರೋ ಅನ್ನುತ್ತಾರೆ. ಜನ ಅವನ್ನೇ ಒಂದೊಂದಾಗಿ ಹತ್ತಿ ಗುರುತು ಹಾಕಿಕೊಳ್ಳುತ್ತಾರೆ. ಐದು ಮೀಟರ್ ಕಡಿಮೆ ಬಿದ್ದಿದ್ದಕ್ಕೆ ಇದು ಆ ಪಟ್ಟಿಯಲ್ಲಿಲ್ಲ. ಗ್ಲಾಸ್ಗೋದಿಂದ ಬಂದ ರೈಲಿನಲ್ಲಿ ನಮ್ಮ ಜೊತೆ ಕೊರೌರ್ ಸ್ಟೇಷನ್ನಿನಲ್ಲಿ ಇಳಿದ ಚಾರಣಿಗರೆಲ್ಲ ಪೂರ್ವಕ್ಕೆ, ಬೈನ್ ನ ಲಾಪ್ ಎಂಬ ಮನ್ರೋ ಕಡೆ ನಡೆದರು. ಹಳಿಯ ಈಚೆಗೆ ತಿರುಗಿದವರು ನಾನು, ನನ್ನ ತಮ್ಮ ಇಬ್ಬರೇ.

ಸ್ಟೇಷನ್ನೇ 408 ಮೀಟರ್ ಎತ್ತರದಲ್ಲಿದೆ. ಹತ್ತುವುದು ಇನ್ನು 500 ಮೀಟರ್ ಅಷ್ಟೇ. ಆದರೆ ಬುಡದ ಹುದುಲು ಕಾಲಿನ ಶಕ್ತಿಯನ್ನೆಲ್ಲ ತಿನ್ನುತ್ತದೆ. ಕೊಪ್ಪದ ಗದ್ದೆಗಳಲ್ಲಿ ಬೆಳೆದವರು ನಾವು, ಕೆಸರು ಹೊಸದಲ್ಲ. ಇಲ್ಲಿಯದು ಬೇರೆ ಥರ. ಮೇಲೆ ಹುಲ್ಲು, ಹೆದರ್ ಪೊದೆ, ಒಳಗೆ ಮೊಣಕಾಲು ಮುಳುಗುವ ಕರಿ ಪೀಟ್, ಅಂದರೆ ಅರೆಕೊಳೆತ ಗಿಡಗಂಟಿಯ ಮಣ್ಣು. ಜೌಗು ಎಲ್ಲಿದೆ ಅಂತ ನಕಾಶೆಯ ಹುಲ್ಲುಗರಿಯ ಗುರುತು ತೋರಿಸುತ್ತದೆ. ಆಳ ಎಷ್ಟು ಅಂತ ಯಾವ ನಕಾಶೆಯೂ ಹೇಳಲಾರದು, ಕೋಲು ಊರಿ ನೋಡಬೇಕು.

ಏಣು ಹಿಡಿದ ಮೇಲೆ ನೆಲ ಗಟ್ಟಿ. ನೆತ್ತಿಯಲ್ಲಿ ಬಿಸಿಲು, ಕೆಳಗೆ ಬ್ಲ್ಯಾಕ್‌ವಾಟರ್ ಜಲಾಶಯದ ನೀರು. ಡಬ್ಬಿಯ ಅವಲಕ್ಕಿ ಮುಗಿಯುವಷ್ಟರಲ್ಲಿ ಮೋಡ ಬಂದು ಕವಿಯಿತು, ಹತ್ತು ಮಾರು ಆಚೆ ಏನೂ ಕಾಣದು. “ಅಕ್ಕಾ, ಫೋನ್ ಆಫಾಯ್ತು ಕಣೇ” ಅಂದ ತಮ್ಮ. ನನ್ನ ಫೋನಿನಲ್ಲಿ ಚಾರ್ಜ್ ಇತ್ತು, ಸಿಗ್ನಲ್ ಇರಲಿಲ್ಲ.

ಹಾಳೆ ಬಿಚ್ಚಿದೆ. ಇದರಲ್ಲಿ ಒಂದು ಕಿಲೋಮೀಟರ್ ಅಂದರೆ ನಾಲ್ಕು ಸೆಂಟಿಮೀಟರ್. ಪಕ್ಕದ ತುದಿ ಬೈನ್ ಅ ವ್ರಿಖ್ಕ್ ಪಶ್ಚಿಮಕ್ಕೆ, ಸುಮಾರು ಐದು ಸೆಂಟಿಮೀಟರ್ ಆಚೆ. ಬಲಗಡೆ ಕೊಳ್ಳದ ಮೇಲೆ ಕಂದು ಗೆರೆಗಳು ಒಂದಕ್ಕೊಂದು ಒತ್ತಿಕೊಂಡಿವೆ. ಹತ್ತು ಮೀಟರ್ ಎತ್ತರಕ್ಕೊಂದರಂತೆ ಎಳೆದ ಗೆರೆಗಳವು, ಅಷ್ಟು ಒತ್ತಾದರೆ ಕಡಿದು ಅಂತಲೇ ಲೆಕ್ಕ. ಎಡಕ್ಕೆ ಒತ್ತಿ ನಡೆಯಬೇಕು. ಕಂಪಾಸ್ ಇಟ್ಟು ದಿಕ್ಕು ಹಿಡಿದೆ. ನನಗೆ 100 ಮೀಟರಿಗೆ 64 ಜೋಡಿ ಹೆಜ್ಜೆ. ತಮ್ಮ ನೂರು ನೂರು ಮೀಟರಿಗೆ ಒಂದು ಬೆರಳು ಮಡಚುತ್ತಾ ಹಿಂದೆ ಬಂದ. ಎರಡೂ ಕೈಯ ಬೆರಳು ಮುಗಿದು ಮತ್ತೆ ಮೂರು ಮಡಚುವಾಗ ಮಂಜಿನೊಳಗಿಂದ ಆ ತುದಿಯ ಕಲ್ಲುಗುಪ್ಪೆ ಎದುರಾಯಿತು. ತಮ್ಮ ಮಾತಾಡಲಿಲ್ಲ, ನಕಾಶೆ ಇಸಿದುಕೊಂಡು ತೋಳಿನಿಂದ ಮಳೆಹನಿ ಒರೆಸಿದ.

ಮೂರು ವರ್ಷವಾದರೂ ಒಂದು ಮಡಿಕೆಯೂ ಹರಿದಿಲ್ಲ. ಕಾಗದದ್ದಕ್ಕಿಂತ ದಪ್ಪ, ಜೇಬಿಗೆ ತುಸು ಭಾರ. ಆದರೂ ಇದನ್ನೇ ಕೊಳ್ಳಿ. ಹೊರಡುವ ಹಿಂದಿನ ದಿನ ರೈಲಿನ ವೇಳೆಯನ್ನು ಅಂಚಿನಲ್ಲಿ ಬರೆದಿಡಿ. ಕೊರೌರ್‌ಗೆ ಸಾರ್ವಜನಿಕ ರಸ್ತೆ ಇಲ್ಲ, ಸಂಜೆಯ ಗಾಡಿ ತಪ್ಪಿದರೆ ಬೇರೆ ದಾರಿ ಇಲ್ಲ.