ಕಾರ್ಬನ್ ಗ್ರಾವೆಲ್ ಬೈಕ್: ಎಂಟು ತಿಂಗಳು ತುಳಿದ ಮೇಲೆ

ಗ್ರಾವೆಲ್ ಬೈಕ್ ಅಂದರೆ ಜಲ್ಲಿ, ಮಣ್ಣಿನ ದಾರಿಗೂ ಆಗುವ ಸೈಕಲ್. ಮೊದಲ ದಿನ ಇದು ನನಗೆ ಹಿಡಿಸಲೇ ಇಲ್ಲ. ಆರು ವರ್ಷ ಅಲ್ಯೂಮಿನಿಯಂ ರೋಡ್ ಬೈಕ್ ತುಳಿದವನು ನಾನು. ಕಾರ್ಬನ್ ಫೈಬರ್ ಫ್ರೇಮ್ ಅಂದರೆ ಮೆತ್ತಗೆ ಹೋಗುತ್ತದೆ ಅಂತ ಕೇಳಿ ಕೇಳಿ ಬಹಳ ಆಸೆ ಇಟ್ಟುಕೊಂಡಿದ್ದೆ. ಜಲ್ಲಿ ದಾರಿಗೆ ಇಳಿದ ಹತ್ತೇ ನಿಮಿಷಕ್ಕೆ ಅಂಗೈ ಜುಮ್ಮೆಂದಿತು.

ತಪ್ಪು ಇದ್ದದ್ದು ಗಾಳಿಯಲ್ಲಿ. ಜೋಡಿಸಿ ಕೊಟ್ಟವರು 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ್ದರು. ನನ್ನ ತೂಕ 70 ಕಿಲೋ, ಟೈರಿನ ಅಗಲ 40 ಮಿಲಿಮೀಟರ್. ಅಷ್ಟು ಗಾಳಿ ಯಾಕೆ ಬೇಕು? ಮಾರನೇ ದಿನ ಮುಂದಿನದಕ್ಕೆ 30, ಹಿಂದಿನದಕ್ಕೆ 33 ಇಟ್ಟು ಅದೇ ದಾರಿ ಹಿಡಿದೆ. ಸೈಕಲ್ಲೇ ಬೇರೆ ಅನ್ನಿಸಿತು. ಕಲ್ಲು ಸಿಕ್ಕ ಕಡೆ ಟೈರು ಒಂಚೂರು ತಗ್ಗುತ್ತಿತ್ತು, ಹ್ಯಾಂಡಲ್ ಅಲ್ಲಾಡುತ್ತಿರಲಿಲ್ಲ. ದೊಡ್ಡ ಕುಲುಕನ್ನು ನುಂಗುವುದು ಟೈರು. ಸಣ್ಣ ನಡುಕ ಮಾತ್ರ ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿದ ಕವಲು) ಮತ್ತು ಸೀಟ್‌ಪೋಸ್ಟ್‌ನಲ್ಲಿ (ಸೀಟಿನ ಕಂಬ) ಸ್ವಲ್ಪ ಕಡಿಮೆಯಾಗುತ್ತದೆ. ನಾಲ್ಕು ಗಂಟೆ ಕೂತ ಮೇಲೆ ಬೆನ್ನಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಇಳಿಜಾರಿನಲ್ಲಿ ಇದರ ಮೇಲೆ ನನಗೆ ಪೂರ್ತಿ ನಂಬಿಕೆ. ಚಕ್ರಗಳ ನಡುವಿನ ಅಂತರ ಜಾಸ್ತಿ, ಹ್ಯಾಂಡಲ್ ತುದಿಗಳು ಹೊರಕ್ಕೆ ಚಾಚಿವೆ. ಸಡಿಲ ಮಣ್ಣಿನಲ್ಲಿ ಹಿಂದಿನ ಚಕ್ರ ಜಾರಿದರೂ ಗಾಬರಿಯಾಗುವುದಿಲ್ಲ. ಇಕ್ಕಟ್ಟಾದ ತಿರುವಿನಲ್ಲಿ ಮಾತ್ರ ಸ್ವಲ್ಪ ನಿಧಾನ.

ಮುಂದೆ ಪೆಡಲ್ ಹತ್ತಿರ 40 ಹಲ್ಲಿನ ಒಂದೇ ಚೈನ್‌ರಿಂಗ್ (ಚೈನ್ ಸುತ್ತುವ ಹಲ್ಲುಚಕ್ರ), ಹಿಂದಿನ ಹಲ್ಲುಚಕ್ರಗಳಲ್ಲಿ 11ರಿಂದ 42 ಹಲ್ಲು. ಕಡಿದಾದ ಏರಿಗೆ ಸಾಕು. 11 ಹಲ್ಲಿನ ಗೇರಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 43 ಕಿಲೋಮೀಟರ್ ವೇಗ ಬರುತ್ತದೆ. ಆದರೆ ಟಾರ್ ರಸ್ತೆಯಲ್ಲಿ ರೋಡ್ ಬೈಕಿನವರ ಜೊತೆ ಹೋಗುವಾಗ ಒಂದು ಗೇರಿಗೂ ಇನ್ನೊಂದಕ್ಕೂ ಅಂತರ ಜಾಸ್ತಿ ಅನ್ನಿಸುತ್ತದೆ.

ಮೂರನೇ ವಾರ ಕಿರಿಕಿರಿ ಶುರುವಾಯಿತು. ಪ್ರತಿ ತುಳಿತಕ್ಕೂ ಸೀಟಿನ ಕೆಳಗೆ ಕಟ್ ಕಟ್. ಅಳೆದು ನೋಡಿದರೆ ಸೀಟ್‌ಪೋಸ್ಟ್ 5 ಮಿಲಿಮೀಟರ್ ಕೆಳಗೆ ಜಾರಿತ್ತು. ಸಿಟ್ಟಿನಲ್ಲಿ ಬೋಲ್ಟ್ ಬಿಗಿ ಮಾಡಿದರೆ ಕಾರ್ಬನ್ ಬಿರುಕು ಬಿಡಬಹುದು, ಹಾಗೆ ಮಾಡಬೇಡಿ. ಪೋಸ್ಟ್ ಹೊರಗೆ ತೆಗೆದು ಒರೆಸಿ, ಕಾರ್ಬನ್ ಪೇಸ್ಟ್ ಸವರಿದೆ. ಬೆರಳಿಗೆ ಸಣ್ಣ ಮರಳಿನ ಹಾಗೆ ಹತ್ತುತ್ತದೆ, ಹಿಡಿತ ಕೊಡುವುದು ಆ ಕಣಗಳೇ. ಫ್ರೇಮಿನ ಮೇಲೆ ಬರೆದಿದ್ದ ಹಾಗೆ ಟಾರ್ಕ್ ವ್ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) 5 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಇವತ್ತಿನವರೆಗೂ ಸದ್ದಿಲ್ಲ. ಕಾರ್ಬನ್ ಸೈಕಲ್ ತಗೊಳ್ಳುವವರು ಟಾರ್ಕ್ ವ್ರೆಂಚನ್ನೂ ಜೊತೆಗೇ ತಗೊಳ್ಳಿ.

ಒಳಗೆ ಟ್ಯೂಬ್ ಇಲ್ಲದ ಟ್ಯೂಬ್‌ಲೆಸ್ ಟೈರು ಬಹಳ ಇಷ್ಟವಾಯಿತು. ಮೊದಮೊದಲು ಮುಳ್ಳು ಚುಚ್ಚಿದಾಗ ಒಳಗಿದ್ದ ಬಿಳಿ ಸೀಲಂಟ್ (ತೂತು ಮುಚ್ಚುವ ದ್ರವ) ಬುಸ್ ಅಂತ ಉಕ್ಕಿ, ಎರಡು ಸುತ್ತಿನಲ್ಲಿ ತೂತು ತಾನೇ ಮುಚ್ಚಿಕೊಳ್ಳುತ್ತಿತ್ತು. ಐದನೇ ತಿಂಗಳಲ್ಲಿ ಹಾಗೇ ಚುಚ್ಚಿದ ಮುಳ್ಳಿಗೆ ಗಾಳಿ ಪೂರ್ತಿ ಹೋಯಿತು. ಟೈರು ಬಿಚ್ಚಿದರೆ ಒಳಗೆ ಸೀಲಂಟ್ ಒಣಗಿ ರಬ್ಬರ್ ಪೊರೆಯಂತಾಗಿತ್ತು. ಈಗ ಮೂರು ತಿಂಗಳಿಗೊಮ್ಮೆ ತಪ್ಪದೆ ತುಂಬುತ್ತೇನೆ.

ಒಂದು ದಿನ ಮುಂದಿನ ಚಕ್ರದಿಂದ ಹಾರಿದ ಕಲ್ಲು ಡೌನ್ ಟ್ಯೂಬಿಗೆ (ಫ್ರೇಮಿನ ಕೆಳಗಿನ ಓರೆ ಕೊಳವೆ) ಠಕ್ ಅಂತ ಬಡಿಯಿತು. ಎದೆ ಧಸಕ್ಕೆಂದಿತು. ಕೆಳಗೆ ಕೂತು ಒರೆಸಿ, ಉಗುರು ಆಡಿಸಿ ನೋಡಿದೆ. ನಾಣ್ಯದಿಂದ ಸುತ್ತಲೂ ತಟ್ಟಿದೆ, ಎಲ್ಲ ಕಡೆ ಒಂದೇ ಸದ್ದು, ಅಂದರೆ ಒಳಗೆ ಒಡೆದಂತಿರಲಿಲ್ಲ. ಬಣ್ಣ ಮಾತ್ರ ಎದ್ದಿತ್ತು. ಆದರೂ ಗೊತ್ತಿದ್ದವರಿಗೆ ತೋರಿಸಿದ ಮೇಲೇ ಮತ್ತೆ ಹತ್ತಿದೆ. ಅವತ್ತೇ ಆ ಜಾಗಕ್ಕೆ ದಪ್ಪ ಫಿಲ್ಮ್ ಅಂಟಿಸಿದೆ.

ಹಿಂದಿನ ಟೈರು ನಡುವೆ ಸವೆಯುತ್ತಾ ಬಂದಿದೆ. ಫ್ರೇಮಿನಲ್ಲಿ ಜಾಗ ಇದೆ, ಈ ಸಲ 45 ಮಿಲಿಮೀಟರಿನದು ಹಾಕಿಸುತ್ತೇನೆ. ಗಾಳಿ ಇನ್ನೂ ಎರಡು ಪಿಎಸ್‌ಐ ಇಳಿಸಬಹುದು.