ಹವಳದ ತೊಟ್ಟಿಯ ಎಲ್‌ಇಡಿ ದೀಪ: ತೀರ್ಥಹಳ್ಳಿಯಲ್ಲಿ ಮೂರು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿರುವ 150 ಲೀಟರಿನ ಉಪ್ಪುನೀರಿನ ತೊಟ್ಟಿಗೆ ಈ ದೀಪ ತೂಗುಹಾಕಿ ಮೂರು ಮಳೆಗಾಲ ಕಳೆದಿವೆ. ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ನಾನು ಅವನ್ನು ಸಾಕುವುದಿಲ್ಲ. ಝೋವಾಂಥಿಡ್ (ಕಲ್ಲಿನ ಗೂಡು ಕಟ್ಟದ, ಹೂವಿನಂತೆ ಅರಳುವ ಹವಳದ ಬಂಧು), ಅಣಬೆ ಹವಳ ಮತ್ತು ಬಂಡೆಗಳ ಮೇಲೆಲ್ಲ ಹಬ್ಬಿರುವ ಗುಲಾಬಿ ಬಣ್ಣದ ಸುಣ್ಣಪಾಚಿ, ಇಷ್ಟೇ ನನ್ನಲ್ಲಿರುವುದು.

ಬೆಳಕಿನ ಬಗ್ಗೆ ನನ್ನದೇನೂ ದೂರಿಲ್ಲ. ನೀಲಿ ಮತ್ತು ಬಿಳಿ ದೀಪಗಳನ್ನು ಬೇರೆಬೇರೆಯಾಗಿ ಹೊಂದಿಸಬಹುದು, ಬೆಳಿಗ್ಗೆ 10ಕ್ಕೆ ನಿಧಾನವಾಗಿ ಏರಿ ರಾತ್ರಿ 8ಕ್ಕೆ ಆರುತ್ತದೆ, ಇಲ್ಲಿಯವರೆಗೆ ಒಂದು ಬಲ್ಬೂ ಕೆಟ್ಟಿಲ್ಲ.

ಆದರೆ ದೀಪದ ವೇಳಾಪಟ್ಟಿ ಬದಲಿಸಿದರೆ ನೀರಿನ ಲೆಕ್ಕವೂ ಬದಲಾಗುತ್ತದೆ ಎಂಬ ಮಾತು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ. ಕಳೆದ ದೀಪಾವಳಿಯಲ್ಲಿ ನೀಲಿ ಬೆಳಕಿನ ಪ್ರಖರತೆಯನ್ನು 45ರಿಂದ 65ಕ್ಕೆ ಒಮ್ಮೆಲೇ ಏರಿಸಿದೆ. ಮೂರನೆಯ ದಿನಕ್ಕೆ ಝೋವಾಂಥಿಡ್‌ಗಳು ಮೊಗ್ಗಿನಂತೆ ಮುಚ್ಚಿಕೊಂಡವು. ಸುಣ್ಣಪಾಚಿ ಮಾತ್ರ ಗಾಜಿನವರೆಗೂ ಹಬ್ಬತೊಡಗಿತು. ಕ್ಯಾಲ್ಸಿಯಂ ಅಳೆದಾಗ 425 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇದ್ದದ್ದು 415ಕ್ಕೆ ಬಂದಿತ್ತು ಅಷ್ಟೇ, ಹಾಗಾಗಿ ನಿಶ್ಚಿಂತನಾಗಿದ್ದೆ. ಮೂರು ವಾರದ ಮೇಲೆ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಪರೀಕ್ಷೆಗೆ ಕುಳಿತು, ಸಿರಿಂಜಿನಿಂದ ಹನಿಹನಿಯಾಗಿ ಬಿಡುತ್ತ ಸೀಸೆ ಅಲ್ಲಾಡಿಸುತ್ತಿದ್ದಾಗ, ನಾನು ಎಣಿಸಿದ್ದಕ್ಕಿಂತ ಎಷ್ಟೋ ಮೊದಲೇ ಬಣ್ಣ ತಿರುಗಿಬಿಟ್ಟಿತು: 8.3 ಡಿಕೆಎಚ್ (ಆಲ್ಕಲಿನಿಟಿಯ ಅಳತೆಮಾನ) ಇದ್ದದ್ದು 6.7. ಸುಣ್ಣಪಾಚಿಯಂಥ ಸುಣ್ಣ ಕಟ್ಟುವ ಜೀವಿಗಳು ಆಲ್ಕಲಿನಿಟಿಯನ್ನು 2.8 ಡಿಕೆಎಚ್‌ನಷ್ಟು ಬಳಸಿದಾಗ ಕ್ಯಾಲ್ಸಿಯಂ ಇಳಿಯುವುದು ಸುಮಾರು 20 ಪಿಪಿಎಂ ಮಾತ್ರ. ಆದ್ದರಿಂದ ಕ್ಯಾಲ್ಸಿಯಂ ಒಂದನ್ನೇ ನೋಡುವವರಿಗೆ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ನೀಲಿಯನ್ನು ಮತ್ತೆ 45ಕ್ಕೆ ಇಳಿಸಿ, ದಿನಕ್ಕೆ ಸುಮಾರು 2.25 ಗ್ರಾಂ ಶುದ್ಧ ಅಡುಗೆ ಸೋಡಾವನ್ನು ಆರ್‌ಒ ನೀರಿನಲ್ಲಿ ಕರಗಿಸಿ ಹಾಕುತ್ತ, ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಏರದಂತೆ ನೋಡಿಕೊಂಡು ಸರಿಪಡಿಸಿದೆ.

ನಿಜವಾದ ದೋಷ ಗಡಿಯಾರದ್ದು. ಒಳಗೆ ಬ್ಯಾಟರಿ ಇಲ್ಲದ ಕಾರಣ ಕರೆಂಟ್ ಹೋಗಿ ಬಂದಾಗಲೆಲ್ಲ ಅದು ನಡುರಾತ್ರಿ 12ರಿಂದ ಎಣಿಕೆ ಆರಂಭಿಸುತ್ತದೆ. ಆಷಾಢದ ಗಾಳಿಮಳೆಯಲ್ಲಿ ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆಂದು ಹೇಳಬೇಕಾಗಿಲ್ಲ. ಒಮ್ಮೆ ಎರಡು ದಿನ ಊರಿನಲ್ಲಿರಲಿಲ್ಲ. ಬಂದು ನೋಡಿದರೆ ಹಗಲಿಡೀ ಕತ್ತಲಿದ್ದು, ಬೆಳಗಿನ ಜಾವ 3 ಗಂಟೆಗೆ ತೊಟ್ಟಿ ಝಗಝಗಿಸುತ್ತಿತ್ತು. ಮಾರಿದವರಿಗೆ ಎರಡು ಬಾರಿ ಬರೆದರೂ ಇನ್ವರ್ಟರ್ ಹಾಕಿಸಿಕೊಳ್ಳಿ ಎಂಬುದಷ್ಟೇ ಉತ್ತರ. ಕೊನೆಗೆ ಹಾಗೆಯೇ ಮಾಡಿದೆ, ಆದರೆ ಆ ಖರ್ಚನ್ನೂ ದೀಪದ ಬೆಲೆಗೆ ಸೇರಿಸಿಯೇ ಮಲೆನಾಡಿನವರು ಲೆಕ್ಕ ಹಾಕಬೇಕು.

ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ದೀಪ ಆರಿದ ಮೇಲೆ ಪಿಎಚ್ 7.7ಕ್ಕೆ ಇಳಿಯುತ್ತಿತ್ತು, ತೊಟ್ಟಿಯ ಪಕ್ಕದ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೆ 7.9ರ ಮೇಲೆ ನಿಲ್ಲುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಈಗ ವಾರಕ್ಕೆ 2ರಂತೆ ಏರಿಸುತ್ತ ನೀಲಿ 57ಕ್ಕೆ ಬಂದಿದೆ, ನಿನ್ನೆ ಆಲ್ಕಲಿನಿಟಿ 8.1 ಇತ್ತು, ಝೋವಾಂಥಿಡ್‌ಗಳೆಲ್ಲ ಅರಳಿವೆ.